ಗಾಳಿಯಕ್ಕನ ಹನ್ನೆರಡು ಕರ್ಚೀಫು

ಗಾಳಿಯಕ್ಕನಿಗೆ ಥರ್ಮಾಮೀಟರಿನ ಮೇಲೆ ಸಿಟ್ಟೇನೂ ಇರಲಿಲ್ಲ. ನೆಂಟರ ಮನೆಯ ಬಾಯಿಬಡುಕ ಮಗುವನ್ನು ನೋಡುವ ಹಾಗೆ ಅದನ್ನು ಒಮ್ಮೆ ನೋಡುತ್ತಿದ್ದಳು. "ಹೇಳಪ್ಪಾ, ಹೇಳು" ಎನ್ನುತ್ತಿದ್ದಳು. ಆಮೇಲೆ ತನ್ನ ಬಲಗೆನ್ನೆಯನ್ನು ಸೊಪ್ಪು ಬೆಳೆಯುವ ರ‍್ಯಾಕಿನ ಎರಡು ಅಂತಸ್ತುಗಳ ನಡುವೆ ತೂರಿಸಿ, ಕಣ್ಣು ಮುಚ್ಚಿ, ಒಂದು ನಿಮಿಷ ಹಾಗೇ ನಿಲ್ಲುತ್ತಿದ್ದಳು. ಹೊಸಬರು ನೋಡಿದರೆ ಯಾರೋ ಸೊಪ್ಪಿನ ಜೊತೆ ಗುಟ್ಟು ಮಾತಾಡುತ್ತಿದ್ದಾರೆ ಅಂದುಕೊಳ್ಳಬೇಕು. ಕಣ್ಣು ಬಿಟ್ಟು, "ಇಪ್ಪತ್ತನಾಲ್ಕು" ಎನ್ನುತ್ತಿದ್ದಳು. ಹೆಚ್ಚೂಕಡಿಮೆ ಅಷ್ಟೇ ಇರುತ್ತಿತ್ತು.

ಇದನ್ನು ಮೊದಲ ದಿನ ನೋಡಿದಾಗ ಮೀಟರಪ್ಪ ನಕ್ಕಿದ್ದ. ಮೀಟರಪ್ಪ ಎನ್ನುವುದು ಅವಳೇ ಇಟ್ಟ ಹೆಸರು. ವಯಸ್ಸು ಇಪ್ಪತ್ತನಾಲ್ಕು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಮೂರನೇ ಸಲಕ್ಕೆ ಕನಿಕರ ತೋರಿದ ಗಣಿತ. ಕೆಲಸದ ಪತ್ರದಲ್ಲಿ ಅವನನ್ನು 'ಹವಾಮಾನ ನಿಯಂತ್ರಣ ಮೇಲ್ವಿಚಾರಕ' ಎಂದು ಕರೆದಿದ್ದರು. ಆ ಪತ್ರವನ್ನು ಅವನು ಅಮ್ಮನಿಗೆ ಎರಡು ಸಲ ಓದಿ ಹೇಳಿದ್ದ.

"ಅಂದ್ರೆ ಏನು ಕೆಲಸ?" ಎಂದಿದ್ದಳು ಅಮ್ಮ.

"ಒಳಾಂಗಣದಲ್ಲಿ ಲೆಟ್ಯೂಸ್ ಬೆಳೀತಾರಮ್ಮಾ. ಅದಕ್ಕೆ ಬೇಕಾದ ಹವಾ ನಾನು ನೋಡ್ಕೋಬೇಕು."

"ಲೆಟ್ಯೂಸ್ ಅಂದ್ರೆ?"

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಸೊಪ್ಪು."

"ಇಷ್ಟೆಲ್ಲ ಓದಿ ಸೊಪ್ಪು ಕಾಯೋಕೆ ಹೋಗ್ತಿದ್ದೀಯಾ? ಹೋಗು, ಸುಮ್ನೆ ಮನೇಲಿರೋದಕ್ಕಿಂತ ವಾಸಿ."

ಅವನು ಕಾಯಬೇಕಾಗಿದ್ದ ಸೊಪ್ಪು ಇದ್ದದ್ದು ಹಳೆಯ ಮೂರಂತಸ್ತಿನ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಹದಿನಾಲ್ಕು ಮೆಟ್ಟಿಲು ಇಳಿದು, ತಗಡಿನ ಬಾಗಿಲನ್ನು ಭುಜದಿಂದ ನೂಕಿದರೆ ಕಣ್ಣು ಕೋರೈಸುವಷ್ಟು ಬೆಳಕು. ತಲೆ ತಾಗುವಂಥ ಚಾವಣಿ, ಅದರ ಕೆಳಗೆ ಐದು ಕಬ್ಬಿಣದ ರ‍್ಯಾಕು, ಒಂದೊಂದಕ್ಕೆ ನಾಲ್ಕು ಅಂತಸ್ತು, ಪ್ರತಿ ಅಂತಸ್ತಿನ ನೆತ್ತಿಯ ಮೇಲೆ ಸಾಲಾಗಿ ಬಿಳಿ ಟ್ಯೂಬುಗಳು. ತಟ್ಟೆಗಳ ತಳದಲ್ಲಿ ನೀರು ಹರಿಯುವ ಸಣ್ಣ ಸದ್ದು. ಮಣ್ಣಿಲ್ಲ, ಕಿಟಕಿಯಿಲ್ಲ. ಸೂರ್ಯ ಎನ್ನುವುದು ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಒಂದು ಸ್ವಿಚ್ಚು. ಬೆಳಿಗ್ಗೆ ಆರಕ್ಕೆ ತಾನಾಗಿ ಹತ್ತಿ ಹದಿನಾರು ಗಂಟೆ ಉರಿಯುತ್ತಿತ್ತು.

ಆ ಜಾಗ ಮೊದಲು ಲಾಂಡ್ರಿಯಾಗಿತ್ತು. ಊರಿನ ಹೋಟೆಲುಗಳ ಹಾಸಿಗೆ ಹೊದಿಕೆ, ಆಸ್ಪತ್ರೆಯ ನಿಲುವಂಗಿ, ಎಲ್ಲ ಅಲ್ಲಿಗೇ ಬರುತ್ತಿದ್ದವು. ಮೇಲೆ ಒಗೆಯುವುದು, ಕೆಳಗೆ ನೆಲಮಾಳಿಗೆಯಲ್ಲಿ ಒಣಗಿಸುವುದು. ಚಾವಣಿಯಲ್ಲಿ ಇನ್ನೂ ಹಗ್ಗ ಕಟ್ಟುವ ಕೊಕ್ಕೆಗಳಿದ್ದವು, ಕಂಬಗಳಲ್ಲಿ ಮೊಳೆಗಳಿದ್ದವು, ಗೋಡೆಗುಂಟ ಹಬೆಯ ಕೊಳವೆ ತಣ್ಣಗೆ ಮಲಗಿತ್ತು. ಗಾಳಿಯಕ್ಕ ಹತ್ತೊಂಬತ್ತನೇ ವಯಸ್ಸಿಗೆ ಆ ಒಣಗಿಸುವ ಕೋಣೆಗೆ ಬಂದವಳು, ಈಗ ಐವತ್ತೆಂಟು. ನಡುವೆ ಒಂದು ಮದುವೆ, ಒಂದು ಹೆರಿಗೆ, ಒಂದು ಮಂಡಿನೋವು, ಇಷ್ಟಕ್ಕೆ ಮಾತ್ರ ರಜೆ ತೆಗೆದುಕೊಂಡಿದ್ದಳು.

ಕೆನ್ನೆಯ ವಿದ್ಯೆಯನ್ನು ಕಲಿಸಿದವನು ಆಗ ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಕಿವುಡು ಮುದುಕ. ಬಟ್ಟೆ ಎತ್ತಿ ಎತ್ತಿ ಕೈ ಒರಟಾಗುತ್ತದೆ, ಒರಟು ಕೈಗೆ ಒದ್ದೆಯೂ ಒಣಗಿದ ಹಾಗೇ ತೋರುತ್ತದೆ; ಕೆನ್ನೆಗೆ ಮಾತ್ರ ಕೆಲಸವಿಲ್ಲ, ಅದಕ್ಕೇ ಅದಕ್ಕೆ ತಿಳಿಯುತ್ತದೆ ಎಂದು ಅವನು ಸನ್ನೆಯಲ್ಲೇ ಹೇಳಿಕೊಟ್ಟಿದ್ದನಂತೆ. ಆಮೇಲೆ ಬಂದವನು ಲಾಂಡ್ರಿಯ ವ್ಯಾನ್ ಡ್ರೈವರು. ಒಣಗಿದ ಹೊದಿಕೆಗಳನ್ನು ಒಯ್ಯಲು ಬಂದಾಗಲೆಲ್ಲ ಗಾಳಿಯಕ್ಕ ಒಂದನ್ನು ಕೆನ್ನೆಗೆ ಒತ್ತಿ, "ಇನ್ನೂ ಹತ್ತು ನಿಮಿಷ" ಎನ್ನುತ್ತಿದ್ದಳು. ಅವನು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದ. ಒಂದು ವರ್ಷ ಹೀಗೆ ಹತ್ತತ್ತು ನಿಮಿಷ ಕಾದ ಮೇಲೆ ಇಬ್ಬರ ಮದುವೆಯಾಯಿತು.

"ನಿಜ ಹೇಳ್ಲಾ?" ಎಂದಿದ್ದಳು ಗಾಳಿಯಕ್ಕ, ಒಂದು ಮಧ್ಯಾಹ್ನ ಟೀ ಕುಡಿಯುತ್ತಾ. "ಒಣಗಿರ್ತಿದ್ವು ಕಣೋ. ಒಂದು ದಿನಾನೂ ಒದ್ದೆ ಇರ್ತಿರಲಿಲ್ಲ."

"ಅವರಿಗೆ ಗೊತ್ತಿತ್ತಾ?"

"ಸಾಯೋವರೆಗೂ ಹೇಳ್ಲಿಲ್ಲ. ಅವರೂ ಕೇಳ್ಲಿಲ್ಲ. ಅಷ್ಟು ದಡ್ಡರಲ್ಲ, ಗೊತ್ತಿದ್ದಿರಬೇಕು."

ಡ್ರೈವರು ಹೋಗಿ ಆರು ವರ್ಷವಾಗಿತ್ತು. ಅದರ ಮಾರನೇ ವರ್ಷ ಲಾಂಡ್ರಿಯೂ ಹೋಯಿತು. ಹೋಟೆಲುಗಳು ತಮ್ಮದೇ ಯಂತ್ರ ತಂದುಕೊಂಡವು. ದೊಡ್ಡ ಯಜಮಾನರ ಮಗ, ಗಾಳಿಯಕ್ಕನ ಬಾಯಲ್ಲಿ ಈಗಲೂ ಚಿಕ್ಕೆಜಮಾನ್ರು, ಯಂತ್ರಗಳನ್ನೆಲ್ಲ ಮಾರಿ ಕೆಳಗೆ ರ‍್ಯಾಕು ಹಾಕಿಸಿದರು. ಬೀಗದ ಕೈ ಒಪ್ಪಿಸಲು ಬಂದ ಗಾಳಿಯಕ್ಕ ಸುಮ್ಮನೆ ಹೋಗಬಹುದಿತ್ತು. ಹೋಗದೆ, ಕೋಣೆಯ ನಡುವೆ ನಿಂತು ಮುಖವನ್ನು ಅತ್ತ ಇತ್ತ ತಿರುಗಿಸಿ, "ಆ ಮೂಲೇಲಿ ಗಾಳಿ ಸತ್ತಿದೆ ಚಿಕ್ಕೆಜಮಾನ್ರೇ. ಮೂವತ್ತು ಚಿಲ್ಲರೆ ವರ್ಷದಿಂದ ಅಲ್ಲಿ ಒಂದು ದಿಂಬಿನ ಚೀಲ ಒಣಗಿಲ್ಲ. ಸೊಪ್ಪು ಬದುಕುತ್ತಾ?" ಎಂದಳು. ಬದುಕಲಿಲ್ಲ. ಎರಡು ತಿಂಗಳಾದ ಮೇಲೆ ಯಜಮಾನರೇ ಅವಳ ಮನೆಗೆ ಹೋಗಿ ಕರೆದುಕೊಂಡು ಬಂದರು.

ಅವಳ ಬಳಿ ಹನ್ನೆರಡು ಬಿಳಿ ಕರ್ಚೀಫುಗಳಿದ್ದವು. ಯಾರೂ ಕೇಳಿಕೊಂಡು ಬಾರದೆ ಲಾಂಡ್ರಿಯಲ್ಲಿ ಉಳಿದುಹೋದವು. ಮೂಲೆಯಲ್ಲಿ ಮಾಸದ ಶಾಯಿಯಲ್ಲಿ ನಂಬರು ಬರೆದಿತ್ತು. ವಾರಕ್ಕೊಮ್ಮೆ ಅವುಗಳನ್ನು ಒಂದೇ ಬಕೆಟ್ಟಿನಲ್ಲಿ ಅದ್ದಿ, ಒಂದೇ ಸಮ ಹಿಂಡಿ, ಕೋಣೆಯ ಹನ್ನೆರಡು ಜಾಗದಲ್ಲಿ ನೇತುಹಾಕುತ್ತಿದ್ದಳು. ಯಾವುದು ಬೇಗ ಒಣಗಿತು, ಯಾವುದು ತಡವಾಯಿತು ಎಂಬುದನ್ನು ಕೆನ್ನೆಗೆ ಒತ್ತಿ ನೋಡುತ್ತಾ ಹೋದರೆ ಕೋಣೆಯಲ್ಲಿ ಗಾಳಿ ಎಲ್ಲಿ ಓಡಾಡುತ್ತದೆ, ಎಲ್ಲಿ ಕಾಲು ಚಾಚಿ ಕೂತಿದೆ ಎಂಬುದು ತಿಳಿಯುತ್ತಿತ್ತು. ಅದರಂತೆ ಫ್ಯಾನುಗಳ ಮುಖ ತಿರುಗಿಸುತ್ತಿದ್ದಳು. ಟ್ಯೂಬುಗಳ ಸರಪಳಿಯನ್ನು ಒಂದೆರಡು ಕೊಂಡಿ ಮೇಲಕ್ಕೆತ್ತುತ್ತಿದ್ದಳು.

"ಬೆಳಕು ಕೊಟ್ರೆ ಬಿಸಿ ಬರುತ್ತೆ. ಬಿಸಿ ಹೊರಗೆ ಹಾಕೋಕೆ ಹೋದ್ರೆ ಗಾಳಿ ಒಣಗುತ್ತೆ. ಗಾಳಿ ನಿಲ್ಲಿಸಿದ್ರೆ ಸೊಪ್ಪೇ ಉಸಿರು ಬಿಟ್ಟು ಕೋಣೆಯೆಲ್ಲ ಹಸಿ ಮಾಡುತ್ತೆ," ಎಂದು ಮೀಟರಪ್ಪನಿಗೆ ಪಾಠ ಹೇಳಿದ್ದಳು. "ಮೂರೂ ಒಂದೇ ಮನೆ ಸೊಸೆಯಂದಿರು. ಒಬ್ಬಳನ್ನ ಹೊಗಳೋಕೆ ಮುಂಚೆ ಇನ್ನಿಬ್ಬರ ಮುಖ ನೋಡ್ಕೋಬೇಕು."

ಮೀಟರಪ್ಪ ಈ ಪಾಠ ಕೇಳಿ ದೊಡ್ಡ ಮನಸ್ಸಿನಿಂದ ತಲೆಯಾಡಿಸಿದ. ಅವನನ್ನು ಕರೆಸಿದ್ದೇ ಇದನ್ನೆಲ್ಲ ಸ್ವಯಂಚಾಲಿತ ಮಾಡುವುದಕ್ಕೆ. ಶಾಖ ಮತ್ತು ತೇವ ಎರಡನ್ನೂ ಅಳೆಯುವ ಒಂದು ಸೆನ್ಸರು. ಅದು ಹೇಳಿದಂತೆ ಏಸಿಯೂ, ಗಾಳಿ ಹೊರಹಾಕುವ ಎಕ್ಸಾಸ್ಟ್ ಫ್ಯಾನೂ ಜೋರಾಗುತ್ತವೆ, ನಿಧಾನವಾಗುತ್ತವೆ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು, ಇಲ್ಲವಾದರೆ ಕೆಂಪು. ಸೆನ್ಸರನ್ನು ಎಲ್ಲಿಡಬೇಕೆಂದು ಕೈಪಿಡಿಯಲ್ಲಿ ಎರಡು ಪುಟ ಬರೆದಿದ್ದರು. ಮೀಟರಪ್ಪ ಅದನ್ನು 'ಆಮೇಲೆ ಓದೋಣ' ಎಂದು ಪಕ್ಕಕ್ಕಿಟ್ಟು, ತನ್ನ ಕುರ್ಚಿಯ ಹಿಂದಿನ ಕಂಬದಲ್ಲಿ ಲಾಂಡ್ರಿ ಕಾಲದ ಮೊಳೆಯೊಂದು ಖಾಲಿ ಇದ್ದುದನ್ನು ಕಂಡು, ಅದಕ್ಕೇ ತೂಗುಹಾಕಿದ. ಗೋಡೆ ಕೊರೆಯುವ ಕೆಲಸ ಉಳಿಯಿತು, ವೈರೂ ಸಾಕಾಯಿತು, ಕೂತಲ್ಲಿಂದಲೇ ಕತ್ತು ಹೊರಳಿಸಿದರೆ ಕಾಣುತ್ತಿತ್ತು. ಅಂದು ಸಂಜೆ ಮನೆಗೆ ಹೋಗುವಾಗ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಿದ್ದ.

ಮಾರನೇ ದಿನ ಅವನು ಹೊರಡಿಸಿದ ಮೊದಲ ಆಜ್ಞೆ ಕರ್ಚೀಫಿನದು.

"ಅಕ್ಕಾ, ಒದ್ದೆ ಬಟ್ಟೆ ಇಲ್ಲಿ ನೇತುಹಾಕ್ಬೇಡಿ. ಸೆನ್ಸರಿಗೆ ತೇವದ ಲೆಕ್ಕ ತಪ್ಪುತ್ತೆ."

"ಹೌದಾ?" ಎಂದಳು ಗಾಳಿಯಕ್ಕ. ಕಲಿತವರ ಮಾತಿಗೆ ಅವಳು ಎದುರಾಡುವವಳಲ್ಲ. ಹನ್ನೆರಡನ್ನೂ ಮಡಿಸಿ, ನಂಬರಿನ ಪ್ರಕಾರ ಜೋಡಿಸಿ, ಮೇಜಿನ ಡ್ರಾಯರಿನಲ್ಲಿಟ್ಟಳು. "ನಿನ್ನ ಮೀಟರಿಗೆ ತೊಂದರೆ ಆಗೋದು ಬೇಡಪ್ಪ."

ಆ ವಾರ ಸೆಕೆ ಜೋರಿತ್ತು. ಮೀಟರಪ್ಪ ಬೆವರುವುದರಲ್ಲಿ ಪ್ರತಿಭಾವಂತ. ಪರದೆಯ ಮುಂದೆ ಕೂತರೆ ಅರ್ಧ ಗಂಟೆಯಲ್ಲಿ ಅಂಗಿಯ ಬೆನ್ನಿನ ಮೇಲೆ ಖಂಡಗಳು, ದ್ವೀಪಗಳು ಮೂಡುತ್ತಿದ್ದವು. ನಾಲ್ಕನೇ ದಿನದಿಂದ ಅವನ ಕುರ್ಚಿಯ ಮೇಲೆ ಹಿತವಾದ ತಂಗಾಳಿ ಬೀಸತೊಡಗಿತು. ಅದನ್ನು ಅವನು ಗಮನಿಸಲಿಲ್ಲ ಎಂದಲ್ಲ. ಗಮನಿಸಿದ, 'ಪರವಾಗಿಲ್ಲ, ಒಳ್ಳೆ ಜಾಗ ಸಿಕ್ಕಿತು' ಅಂದುಕೊಂಡ, ಕಾಲು ಚಾಚಿಕೊಂಡ. ಕಷ್ಟ ಬಂದರೆ ಹತ್ತು ಕಾರಣ ಹುಡುಕುವವನು ಸುಖ ಬಂದಾಗ ಒಂದನ್ನೂ ಕೇಳಲಿಲ್ಲ.

ಪರದೆ ಹಸಿರಾಗಿಯೇ ಇತ್ತು. ಒಂದು ತಿಂಗಳು, ಎರಡು ತಿಂಗಳು, ಸದಾ ಇಪ್ಪತ್ತೆರಡು ಡಿಗ್ರಿ. ಮೀಟರಪ್ಪ ಅದರ ಫೋಟೋ ತೆಗೆದು ಅಮ್ಮನಿಗೂ ತೋರಿಸಿದ.

ಸೊಪ್ಪು ಮಾತ್ರ ಫೋಟೋ ನೋಡಿರಲಿಲ್ಲ. ಕಟಾವಿನ ಹೊತ್ತಿಗೆ ಗಿಡದ ನಡುವಿನ ಎಳೆಯ ಎಲೆಗಳ ಅಂಚು ಕಂದಾಗುತ್ತಿತ್ತು, ಕಾಗದದ ತುದಿಗೆ ಬೆಂಕಿ ಸೋಕಿಸಿದ ಹಾಗೆ. ಹೊರಗಿನಿಂದ ನೋಡಿದರೆ ಗೊತ್ತಾಗದು. ಬಿಡಿಸಿದರೆ ಒಳಗೆಲ್ಲ ಸುಟ್ಟ ಅಂಚು. ಸೊಪ್ಪು ಕೊಳ್ಳುತ್ತಿದ್ದದ್ದು ಆಸ್ಪತ್ರೆಯೊಂದರ ಅಡುಗೆಮನೆ. ಒಂದು ಕಟಾವು ವಾಪಸು ಬಂತು. ಮುಂದಿನದೂ ಬಂತು.

ಯಜಮಾನರು ಕೆಳಗಿಳಿದು ಬಂದರು. ಕೂಗಾಡುವ ಮನುಷ್ಯರಲ್ಲ, ಕೂಗಾಡಿದ್ದರೆ ವಾಸಿಯಿತ್ತು. ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಟೈಲ್ಸ್ ಅಂಗಡಿಯೋರು ಗೋದಾಮಿಗೆ ಅಂತ ಈ ಜಾಗ ಕೇಳ್ತಿದ್ದಾರೆ. ಇನ್ನು ಹದಿನೆಂಟು ದಿನಕ್ಕೆ ಮುಂದಿನ ಕಟಾವು. ಅದೂ ವಾಪಸ್ ಬಂದ್ರೆ ಕೊಟ್ಟುಬಿಡ್ತೀನಿ. ನಂಗೂ ಸಾಕಾಯ್ತು."

"ಕೊಡಿ ಬಿಡಿ," ಎಂದಳು ಗಾಳಿಯಕ್ಕ, ತಟ್ಟೆ ಒರೆಸುತ್ತಾ. ಅದು ಒಪ್ಪಿಗೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಯಜಮಾನರು ಹೋದ ಮೇಲೆ ಮೀಟರಪ್ಪ ಮೆಲ್ಲಗೆ ಕೇಳಿದ: "ಮುಚ್ಚಿದ್ರೆ ನೀವೇನ್ ಮಾಡ್ತೀರಿ ಅಕ್ಕಾ?"

"ಮಗಳು ಕರೀತಾ ಇದ್ದಾಳೆ. ಆರು ವರ್ಷದಿಂದ ಒಂದೇ ಹಾಡು, 'ಅಮ್ಮ ಬಂದ್ಬಿಡು, ಅಮ್ಮ ಬಂದ್ಬಿಡು'. ಒಳ್ಳೆ ಮನೆ. ಅಳಿಯನೂ ಒಳ್ಳೆಯವನು. ಏಳು ಕಿಟಕಿ ಇದೆ."

"ಮತ್ತೇನು ತೊಂದರೆ?"

"ಅದೇ ತೊಂದರೆ. ಅಲ್ಲಿ ಗಾಳಿ ತಾನಾಗೇ ಬಂದು ತಾನಾಗೇ ಹೋಗುತ್ತೆ. ಅದಕ್ಕೆ ನಾನ್ಯಾಕೆ ಬೇಕು?" ಬಟ್ಟೆ ಹಿಂಡಿದಳು. "ಇಲ್ಲಾದ್ರೆ, ನಾನು ಬಂದಿಲ್ಲ ಅಂದ್ರೆ ಗೊತ್ತಾಗುತ್ತೆ."

ಮೀಟರಪ್ಪನಿಗೆ ಅಂದು ಊಟ ಸೇರಲಿಲ್ಲ. ಅವನ ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಪರದೆ ನೋಡುತ್ತಾ ಕೂರುವ ಕೆಲಸಕ್ಕೆ ಲೋಕದಲ್ಲಿ ಬರವಿಲ್ಲ. ಆದರೆ ಕೆನ್ನೆಯಲ್ಲಿ ಶಾಖ ಓದುವವಳಿಗೆ ಇನ್ನೊಂದು ನೆಲಮಾಳಿಗೆಯನ್ನು ಎಲ್ಲಿಂದ ತರುವುದು? ಎರಡು ದಿನ ಕೂತು ಅವನು ನಾಲ್ಕು ಪುಟದ ವರದಿ ಬರೆದ. ತಪ್ಪೆಲ್ಲ ಟ್ಯೂಬುಗಳದು, ಅವುಗಳ ಬೆಳಕು ಅತಿ ತೀಕ್ಷ್ಣ, ಬದಲಾಯಿಸಬೇಕು ಎಂದು ಅದರ ತಾತ್ಪರ್ಯ. ಎರಡು ನಕ್ಷೆಗಳೂ ಇದ್ದವು. ಗಾಳಿಯಕ್ಕನಿಗೆ ಓದಿ ಹೇಳಿದ.

ಅವಳು ಕೊನೆಯವರೆಗೂ ಕೇಳಿದಳು. "ಅಕ್ಷರ ಚೆನ್ನಾಗಿದೆ," ಎಂದಳು. ಆಮೇಲೆ, "ಸೊಪ್ಪಿನ ಹತ್ರ ಹೋಗಿದ್ಯಾ?"

"ಅಂದ್ರೆ?"

"ಹೋಗಿ ನಿಂತಿದ್ಯಾ, ಅಂದೆ. ಮೂರನೇ ರ‍್ಯಾಕು. ನಡುವೆ."

ಹೋಗಿರಲಿಲ್ಲ. ಮೂರು ತಿಂಗಳಲ್ಲಿ ಅವನು ಕುರ್ಚಿಯಿಂದ ಪರದೆಗೆ, ಪರದೆಯಿಂದ ಬಾಗಿಲಿಗೆ ಓಡಾಡಿದ್ದ. ಈಗ ಎದ್ದು, ಅತ್ತಿತ್ತ ನೋಡಿ, ಅವಳು ಮಾಡುತ್ತಿದ್ದ ಹಾಗೆಯೇ ಬಲಗೆನ್ನೆಯನ್ನು ಮೂರನೇ ರ‍್ಯಾಕಿನ ಅಂತಸ್ತುಗಳ ನಡುವೆ ತೂರಿಸಿದ. ಜನ ಕಿಕ್ಕಿರಿದ ಬಸ್ಸಿನಲ್ಲಿ ಯಾರದೋ ಕಂಕುಳ ಕೆಳಗೆ ಸಿಕ್ಕಿಕೊಂಡ ಹಾಗಾಯಿತು. ಬೆಚ್ಚಗೆ, ಒದ್ದೆಯಾಗಿ, ಅಲುಗಾಡದೆ ನಿಂತ ಗಾಳಿ. ಒಂದು ಎಲೆಯೂ ಮಿಸುಕುತ್ತಿರಲಿಲ್ಲ. ಕುರ್ಚಿಯ ಹಿಂದಿನ ಸೆನ್ಸರು ಇಪ್ಪತ್ತೆರಡು ಎನ್ನುತ್ತಿತ್ತು.

ಕೆನ್ನೆ ಹೊರತೆಗೆದು ಅವನು ನೆಲ ನೋಡುತ್ತಾ ಕೇಳಿದ: "ಅಕ್ಕಾ, ಆ ಕರ್ಚೀಫು ಇನ್ನೂ ಇದಾವಾ?"

ಗಾಳಿಯಕ್ಕ 'ನಾನಾಗಲೇ ಹೇಳಿದ್ನಲ್ಲ' ಎನ್ನಲಿಲ್ಲ. ಡ್ರಾಯರು ಎಳೆದು ಎಣಿಸಿ ತೆಗೆದಳಷ್ಟೆ.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಸೇರಿ ಹನ್ನೆರಡನ್ನೂ ನೇತುಹಾಕಿದರು. ರ‍್ಯಾಕಿಗೆ ಎರಡರಂತೆ ಹತ್ತು. ಬಾಗಿಲ ಬಳಿ ಒಂದು. ಉಳಿದದ್ದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಮೀಟರಪ್ಪ ತನ್ನ ಕುರ್ಚಿಯ ಬೆನ್ನಿಗೆ ಹಾಕಿದ. ಗಾಳಿಯಕ್ಕ ಅದನ್ನು ನೋಡಿ ಏನೋ ಹೇಳಲು ಹೋಗಿ ಸುಮ್ಮನಾದಳು.

ಇಪ್ಪತ್ತು ನಿಮಿಷಕ್ಕೆ ಅವಳು ಮೊದಲ ಸುತ್ತು ಹೊರಟಳು. ಮೀಟರಪ್ಪ ಪುಸ್ತಕ ಹಿಡಿದು ಹಿಂದೆ ಹಿಂದೆ. ಒಂದೊಂದನ್ನೂ ಕೆನ್ನೆಗೆ ಒತ್ತಿ, "ಒದ್ದೆ... ಒದ್ದೆ... ಇದೂ ಒದ್ದೆ..." ಎನ್ನುತ್ತಾ ಬಂದಳು. ಕುರ್ಚಿಯ ಹತ್ತಿರ ಬಂದಾಗ ಮಾತ್ರ ಬಗ್ಗಲಿಲ್ಲ.

"ಅದನ್ನ ನೀನೇ ನೋಡು."

ಅವನು ಕೆನ್ನೆಗೆ ಒತ್ತಿಕೊಂಡ. ಗರಿಗರಿಯಾಗಿ ಒಣಗಿತ್ತು. ಇಸ್ತ್ರಿಯೊಂದು ಬಾಕಿ.

ಮೂರನೇ ರ‍್ಯಾಕಿನ ಮೇಲಿನ ಅಂತಸ್ತಿನದು ಒಂದೂಮುಕ್ಕಾಲು ಗಂಟೆಯಾದರೂ ಒದ್ದೆಯಾಗಿಯೇ ಇತ್ತು. ಅಷ್ಟು ಹೊತ್ತು ಮೀಟರಪ್ಪ ಪುಸ್ತಕದಲ್ಲಿ ಬರೆಯುತ್ತಲೇ ಇದ್ದ. ಬರೆದದ್ದನ್ನು ಕೂಡಿಸಿ ನೋಡಲು ಮಾತ್ರ ಅವನಿಗೆ ಧೈರ್ಯವಿರಲಿಲ್ಲ. ಕೊನೆಗೆ ತಲೆ ಎತ್ತಿ ನೋಡಿದ. ಮೂರನೇ ರ‍್ಯಾಕಿಗೆಂದೇ ಹಾಕಿದ ದೊಡ್ಡ ಫ್ಯಾನು ರ‍್ಯಾಕಿಗೆ ಬೆನ್ನು ತಿರುಗಿಸಿ, ನೇರವಾಗಿ ಅವನ ಕುರ್ಚಿಯನ್ನೇ ನೋಡುತ್ತಿತ್ತು.

"ಇದು... ಮೊದಲಿಂದ ಹೀಗೇ ಇತ್ತಾ?"

ಗಾಳಿಯಕ್ಕ ಬಕೆಟ್ಟಿನ ಮೇಲೆ ಕೂತುಬಿಟ್ಟಳು. ಅವಳ ಮುಖ ಅಷ್ಟು ಬಿಳುಚಿದ್ದನ್ನು ಅವನು ನೋಡಿರಲಿಲ್ಲ.

"ನಾನೇ ಕಣೋ ತಿರುಗಿಸಿದ್ದು. ನೀನು ಬಂದ ವಾರ. ಅಂಗಿಯೆಲ್ಲ ತೊಯ್ದು ತೊಪ್ಪೆಯಾಗಿ ಕೂತಿರ್ತಿದ್ದೆ. ಕೇಳೋಕೆ ನಿಂಗೆ ಸಂಕೋಚ, ಹೇಳೋಕೆ ನಂಗೆ ಸಂಕೋಚ. ಒಂದು ಫ್ಯಾನು ಹುಡುಗನ ಕಡೆ ಇರಲಿ, ಏನಾಗುತ್ತೆ ಅಂದ್ಕೊಂಡೆ. ಕೆನ್ನೆಗೆ ಬಿಸಿ ತಾಗ್ತಾನೇ ಇತ್ತು, ಮೀಟರು ಹಸಿರು ಅಂತಿದ್ಯಲ್ಲ, ಕಲಿತವರದ್ದೇ ಸರಿಯಿರಬೇಕು ಅಂತ ಬಿಟ್ಟೆ." ಕೈಯಲ್ಲಿದ್ದ ಒದ್ದೆ ಕರ್ಚೀಫನ್ನು ನೋಡಿದಳು. "ಮೂವತ್ತೊಂಬತ್ತು ವರ್ಷ ಗಾಳಿ ಜೊತೆ ಬಾಳಿದೋಳು. ನಾನೇ ಮಾಡ್ಬಿಟ್ನಲ್ಲೋ."

ಮೀಟರಪ್ಪ ಕಂಬದ ಹತ್ತಿರ ಹೋಗಿ ಮೊಳೆಯಿಂದ ಸೆನ್ಸರನ್ನು ಬಿಡಿಸಿದ. ವೈರು ಎಷ್ಟು ಉದ್ದ ಬರುತ್ತದೋ ಅಷ್ಟು ಎಳೆದುಕೊಂಡು, ಸರಪಳಿ ಹಿಡಿದು ನಾಯಿಯನ್ನು ಕರೆದೊಯ್ಯುವಂತೆ, ಮೂರನೇ ರ‍್ಯಾಕಿನವರೆಗೆ ನಡೆದ. ಎಲೆಗಳ ನಡುವೆ ಹಿಡಿದು ನಿಂತ. ಇಪ್ಪತ್ತೆರಡು, ಇಪ್ಪತ್ತನಾಲ್ಕು, ಇಪ್ಪತ್ತೇಳು. ಇಪ್ಪತ್ತೊಂಬತ್ತಕ್ಕೆ ನಿಂತಿತು. ಅವನ ಬೆನ್ನ ಹಿಂದೆ, ಮೂರು ತಿಂಗಳಲ್ಲಿ ಮೊದಲ ಬಾರಿಗೆ, ಪರದೆ ಕೆಂಪಾಯಿತು. ಎಕ್ಸಾಸ್ಟ್ ಫ್ಯಾನು ನಿದ್ದೆಯಿಂದ ಎದ್ದ ಹಾಗೆ ಗುರ್ರೆಂದಿತು.

"ಅಕ್ಕಾ, ನೀವು ತಿರುಗಿಸಿದ್ದು ಒಂದೇ ಫ್ಯಾನು," ಎಂದ. "ಈ ಮೀಟರು ಕುರ್ಚಿ ಹಿಂದೆ ಇಲ್ದೇ ಇದ್ದಿದ್ರೆ ಮೊದಲನೇ ದಿನವೇ ಕೂಗ್ತಿತ್ತು. ಅದನ್ನ ಅಲ್ಲಿ ಹಾಕಿದ್ದು ಯಾರು? ನಾನು. ಯಾಕೆ? ಎದ್ದು ನೋಡೋಕೆ ಸೋಮಾರಿತನ. ಕರ್ಚೀಫು ನಿಲ್ಲಿಸಿದ್ದು ಯಾರು? ಅದೂ ನಾನೇ. ಇಡೀ ಕೋಣೆ ಮೂರು ತಿಂಗಳು ನಂಗೆ ಸೆಕೆ ಆಗುತ್ತಾ ಇಲ್ವಾ ಅಂತ ನೋಡ್ಕೊಂಡಿದೆ. ಸೊಪ್ಪನ್ನ ಯಾರೂ ಕೇಳೇ ಇಲ್ಲ."

ಗಾಳಿಯಕ್ಕ ಒಂದು ಕ್ಷಣ ಅವನನ್ನೇ ನೋಡಿದಳು. ಅಳುತ್ತಾಳೆ ಅಂದುಕೊಂಡ. ನಕ್ಕುಬಿಟ್ಟಳು.

"ಸೊಪ್ಪಿನ ಬದಲು ನಿನ್ನನ್ನೇ ಆಸ್ಪತ್ರೆಗೆ ಮಾರಿದ್ರೆ ವಾಪಸ್ ಬರ್ತಿರಲಿಲ್ಲ ನೋಡು. ಒಂದು ಅಂಚೂ ಸುಟ್ಟಿಲ್ಲ!"

ಅಂದೇ ಯಜಮಾನರನ್ನು ಕೆಳಗೆ ಕರೆದರು. ನಾಲ್ಕು ಪುಟದ ವರದಿಯನ್ನು ಮೀಟರಪ್ಪ ಜೇಬಿನಲ್ಲೇ ಮಡಚಿಟ್ಟು, ನಡೆದದ್ದನ್ನು ಬಾಯಲ್ಲೇ ಹೇಳಿದ. ಯಜಮಾನರು ಫ್ಯಾನನ್ನೂ ಕುರ್ಚಿಯನ್ನೂ ಹಲವು ಸಲ ನೋಡಿದರು.

"ಫ್ಯಾನು ತಿರುಗಿಸಿದ್ದು ಯಾರು?"

"ನಾನು" ಎಂದರು ಇಬ್ಬರೂ ಒಟ್ಟಿಗೆ.

"ಇಬ್ಬರೂ ಒಂದೊಂದು ಸಲ ತಿರುಗಿಸಿದ್ರೆ ಅದು ಮತ್ತೆ ರ‍್ಯಾಕಿನ ಕಡೆಗೇ ಬರ್ಬೇಕಿತ್ತಲ್ಲ," ಎಂದರು ಯಜಮಾನರು.

"ಚಿಕ್ಕೆಜಮಾನ್ರೇ, ಲೆಕ್ಕ ಆಮೇಲೆ ಮಾಡಿ," ಎಂದಳು ಗಾಳಿಯಕ್ಕ. "ನೀವು ಮೂರು ವರ್ಷದವರಿದ್ದಾಗ ಒಗೆಯೋ ತೊಟ್ಟಿಗೆ ಬಿದ್ರಿ. ನಿಮ್ಮನ್ನ ಇದೇ ಕಂಬದ ಹತ್ರ ನಿಲ್ಲಿಸಿ ಒಣಗಿಸಿದೋಳು ನಾನು. ಅವತ್ತು ನಿಮ್ಮಪ್ಪ ಯಾರ ತಪ್ಪು ಅಂತ ಕೇಳ್ಲಿಲ್ಲ. ಒಣಗಿದ್ನಾ ಅಂತ ಕೇಳಿದ್ರು."

ಯಜಮಾನರು ಕಂಬವನ್ನೊಮ್ಮೆ ನೋಡಿದರು. "ಹದಿನೈದು ದಿನ ಉಳಿದಿದೆ," ಎಂದು ಮೆಟ್ಟಿಲು ಹತ್ತಿದರು. "ಟೈಲ್ಸ್ ಅಂಗಡಿಯೋರಿಗೆ ಅಲ್ಲೀತನಕ ಏನೂ ಹೇಳಲ್ಲ."

ಸುಟ್ಟ ಎಲೆಗೆ ಮದ್ದಿಲ್ಲ. ಇನ್ನು ಮುಂದೆ ಹುಟ್ಟುವ ಎಲೆ ಸುಡದಂತೆ ನೋಡಬೇಕು, ಅಷ್ಟೇ. ಮೀಟರಪ್ಪ ಕೊನೆಗೂ ಕೈಪಿಡಿಯ ಆ ಎರಡು ಪುಟ ಓದಿದ. ಗಿಡ ಬೇರಿನಿಂದ ಎಳೆದುಕೊಂಡ ನೀರನ್ನು ಎಲೆಗಳ ಮೂಲಕ ಬಿಡುತ್ತಿರಬೇಕು, ಗಾಳಿ ಅದನ್ನು ಒಯ್ಯುತ್ತಿರಬೇಕು. ಗಾಳಿ ನಿಂತರೆ ನಡುವಿನ ಎಳೆಯ ಎಲೆಗಳಿಗೆ ನೀರಿನ ಜೊತೆ ಬರಬೇಕಾದ ಸುಣ್ಣದಂಶ ತಲುಪುವುದಿಲ್ಲ, ಅಂಚು ಸಾಯುತ್ತದೆ ಎಂದು ಅದರಲ್ಲಿತ್ತು. ಓದಿ ಹೇಳಿದಾಗ ಗಾಳಿಯಕ್ಕ, "ಅದೇ ಅಲ್ವಾ, ಬಟ್ಟೆ ಮಡಿಕೆಯೊಳಗೆ ಗಾಳಿ ಹೋಗ್ಲಿಲ್ಲ ಅಂದ್ರೆ ಮುಗ್ಗುತ್ತೆ," ಎಂದಳು. ಅದೇ ಅಲ್ಲ, ಆದರೂ ಅವನಿಗೆ ಅಲ್ಲವೆನ್ನಲು ಮನಸ್ಸಾಗಲಿಲ್ಲ.

ಸೆನ್ಸರಿಗೆ ಉದ್ದ ವೈರು ಬಂತು. ಮೂರನೇ ರ‍್ಯಾಕಿನ ನಡುವೆ, ಎಲೆಗಳ ಮಟ್ಟಕ್ಕೆ ಇಳಿಬಿಟ್ಟರು. ಟ್ಯೂಬಿನ ಬಿಸಿ ನೇರವಾಗಿ ತಾಗದಿರಲೆಂದು ಗಾಳಿಯಕ್ಕ ಅದಕ್ಕೊಂದು ಬಿಳಿ ರಟ್ಟಿನ ಟೋಪಿ ಮಾಡಿದಳು. ಫ್ಯಾನುಗಳನ್ನು ಒಂದೊಂದೇ ತಿರುಗಿಸಿ ಅಂತಸ್ತುಗಳ ನಡುವೆ ಗಾಳಿ ಹಾಯಿಸಿದರು. ಎಷ್ಟು ಜೋರು ಎಂಬುದಕ್ಕೆ ಅವಳದೇ ಅಳತೆ: ಎಲೆ ತಲೆದೂಗಬೇಕು, ತಲೆ ಚಚ್ಚಿಕೊಳ್ಳಬಾರದು. ಮೇಲಿನ ಅಂತಸ್ತಿನಲ್ಲಿ ಅಂಗೈಯನ್ನು ಎಲೆಯ ಮಟ್ಟದಲ್ಲಿ ಹಿಡಿದು ಮೂವತ್ತು ಎಣಿಸಿದಳು. ಚುರುಕು ಹೋಗುವವರೆಗೆ ಟ್ಯೂಬುಗಳನ್ನು ಕೊಂಡಿ ಕೊಂಡಿಯಾಗಿ ಮೇಲೆತ್ತಿಸಿದಳು. ಬೆಳಕನ್ನು ದಿನಕ್ಕೆ ಎರಡು ಗಂಟೆ ಕಡಿಮೆ ಮಾಡಿದ್ದು ಮೀಟರಪ್ಪನ ಸಲಹೆ. ಅದನ್ನು ಅವಳು ಒಪ್ಪಿಕೊಂಡಾಗ ಅವನಿಗಾದ ಹಿಗ್ಗು ಡಿಪ್ಲೊಮಾ ಕೈಗೆ ಬಂದಾಗಲೂ ಆಗಿರಲಿಲ್ಲ.

ಎರಡು ದಿನಕ್ಕೊಮ್ಮೆ ಕರ್ಚೀಫು ಕಟ್ಟಿದರು, ಸೆನ್ಸರಿನಿಂದ ದೂರ. ಒಂದೂಮುಕ್ಕಾಲು ಗಂಟೆ ಹೋಗಿ ಒಂದೂಕಾಲು ಆಯಿತು. ಒಂದು ಆಯಿತು. ಕೋಣೆಯ ಎಲ್ಲ ಕಡೆಯೂ ಐವತ್ತು ನಿಮಿಷದ ಆಸುಪಾಸಿಗೆ ಬಂದು ನಿಂತಿತು. ಕುರ್ಚಿಗೆ ಈಗ ಯಾವ ಗಾಳಿಯೂ ಇರಲಿಲ್ಲ. ಅದನ್ನು ಮಡಚಿ ಮೆಟ್ಟಿಲ ಕೆಳಗೆ ನೂಕಿಯಾಗಿತ್ತು. ಮೀಟರಪ್ಪ ನಿಂತೇ ಕೆಲಸ ಮಾಡಿದ, ಬೆನ್ನ ಮೇಲೆ ಖಂಡಗಳನ್ನು ಹೊತ್ತುಕೊಂಡು.

ಹದಿನೆಂಟನೇ ದಿನ ಬೆಳಿಗ್ಗೆ ಆಸ್ಪತ್ರೆಯ ಅಡುಗೆಮನೆಯ ಮುಖ್ಯಸ್ಥೆ ತಾನೇ ಬಂದಳು. ಅಗಲ ಭುಜದ, ಕಡಿಮೆ ಮಾತಿನ ಹೆಂಗಸು. ವಾಪಸು ಕಳಿಸುವುದಾದರೆ ಇಲ್ಲಿಂದಲೇ ವಾಪಸು ಕಳಿಸೋಣ ಎಂಬಂತಿತ್ತು ಮುಖ. ಯಜಮಾನರು ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದರು. ಗಾಳಿಯಕ್ಕ ತಟ್ಟೆ ಒರೆಸುತ್ತಿದ್ದಳು. ಆಗಲೇ ಎರಡು ಸಲ ಒರೆಸಿದ್ದ ತಟ್ಟೆ.

ಮುಖ್ಯಸ್ಥೆ ಮೂರನೇ ರ‍್ಯಾಕಿನ ಮುಂದೆ ನಿಂತು ಬುಟ್ಟಿಯಿಂದ ಒಂದು ಗಿಡ ತೆಗೆದು, ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಾ ಒಳಗಿಳಿದಳು. ಹೆಬ್ಬೆರಳಷ್ಟು ದೊಡ್ಡ ಕೊನೆಯ ಎಲೆಯವರೆಗೂ ಹಸಿರು. ಇನ್ನೊಂದು ತೆಗೆದಳು. ಅದೂ ಹಸಿರು. ಮೂರನೆಯದನ್ನು ಬೇಕೆಂದೇ ಮೇಲಿನ ಅಂತಸ್ತಿನ ಮೂಲೆಯಿಂದ ಕಿತ್ತಳು. ಅದರ ಒಳಗಿನ ಒಂದು ಎಲೆಯ ತುದಿಯಲ್ಲಿ ಸಾಸಿವೆಗಾತ್ರದ ಕಂದು ಚುಕ್ಕೆ.

ಮುಖ್ಯಸ್ಥೆ ಆ ಚುಕ್ಕೆಯನ್ನು ಬೆಳಕಿಗೆ ಹಿಡಿದಳು, ಉಗುರಿನಿಂದ ಚಿವುಟಿ ಎಸೆದಳು, ಉಳಿದ ಎಲೆಯನ್ನು ಬಾಯಿಗೆ ಹಾಕಿಕೊಂಡು ಅಗಿದಳು.

"ಎಷ್ಟು ಬುಟ್ಟಿ ಇದೆ?"

"ಹದಿನಾರು" ಎಂದ ಮೀಟರಪ್ಪ. ದನಿ ಹದಿನಾರು ತುಂಡಾಗಿ ಬಂತು.

"ಹದಿನಾರೂ ಹಾಕಿ. ಪ್ರತಿ ಕಟಾವೂ ಹೀಗೇ ಇರ್ಬೇಕು. ಇಲ್ದಿದ್ರೆ ನಾನೇ ಬರ್ತೀನಿ."

ಬಾಗಿಲಲ್ಲಿ ಯಜಮಾನರು ಫೋನಿನಲ್ಲಿ ಯಾರಿಗೋ, "ಇಲ್ಲ ಸಾರ್, ಜಾಗ ಖಾಲಿ ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ, ಒಳಗೆ ಜನ ಇದ್ದಾರೆ" ಎನ್ನುತ್ತಾ ಮೆಟ್ಟಿಲು ಹತ್ತಿದರು.

ಬುಟ್ಟಿಗಳೆಲ್ಲ ಮೇಲೆ ಹೋದ ಮೇಲೆ ನೆಲಮಾಳಿಗೆಯಲ್ಲಿ ಇಬ್ಬರೇ ಉಳಿದರು. ಹದಿನಾರು ಬುಟ್ಟಿಯನ್ನು ಹದಿನಾಲ್ಕು ಮೆಟ್ಟಿಲು ಹೊತ್ತ ಮೀಟರಪ್ಪ ಕಂಬಕ್ಕೆ ಒರಗಿ ಏದುಸಿರು ಬಿಡುತ್ತಿದ್ದ. ಗಾಳಿಯಕ್ಕ ಮಗಳಿಗೆ ಫೋನು ಮಾಡಿದ್ದಳು. "ಇಲ್ಲ ಕಣೆ, ಆಗಲ್ಲ. ಇಲ್ಲಿ ಹುಡುಗನಿಗೆ ಇನ್ನೂ ಏನೂ ಗೊತ್ತಾಗಲ್ಲ... ಉಬ್ಬಿಸಿ ಹೇಳ್ತಿಲ್ವೇ, ನಿಜ... ಬರ್ತೀನಿ, ಭಾನುವಾರ ಬಂದು ಹೋಗ್ತೀನಿ. ಕಿಟಕಿ ತೆಗೆದಿಟ್ಟಿರು."

ಫೋನಿಟ್ಟು, ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಒಂದು ಕೈ ತಾನಾಗಿಯೇ ಮೂರನೇ ರ‍್ಯಾಕಿನ ಫ್ಯಾನಿನ ಕಡೆ ಎದ್ದಿತು.

"ಅಕ್ಕಾ!" ಎಂದ ಮೀಟರಪ್ಪ.

"ಗೊತ್ತು, ಗೊತ್ತು. ಮುಟ್ಟಲ್ಲ."

ಕೈ ಇಳಿಸಿ, ಡ್ರಾಯರಿನಿಂದ ಒಂದು ಕರ್ಚೀಫು ತೆಗೆದು, ಬಕೆಟ್ಟಿನಲ್ಲಿ ಅದ್ದಿ, ಹದವಾಗಿ ಹಿಂಡಿ, ಅವನ ಕತ್ತಿನ ಸುತ್ತ ಹಾಕಿದಳು. ಮೂಲೆಯಲ್ಲಿ ನಂಬರು ಏಳು. ತಣ್ಣನೆಯ ನೀರು ಬೆನ್ನಿನ ಖಂಡಗಳ ನಡುವೆ ಹೊಸದೊಂದು ನದಿಯಾಗಿ ಇಳಿಯಿತು. ಅವಳು ಗೋಡೆಯ ಗಡಿಯಾರ ನೋಡಿ,

"ಹನ್ನೊಂದೂ ಹತ್ತು. ಬರ್ಕೋ," ಎಂದಳು. "ನೀನು ಎಷ್ಟು ಹೊತ್ತಿಗೆ ಒಣಗ್ತೀಯ ಅಂತಾನೂ ನೋಡೋಣ."